ಗಿರಾಕಿ ಮೇಲಿನ ಕೋಪ ಹೆಂಡತಿ ಮೇಲೆ!

‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಅಂತ ಹಳೇ ಗಾದೆ. ನಮ್ಮ ನಂಜನಗೂಡು, ತಿ. ನರಸೀಪುರದ ಅಂಗಡಿ ಬೀದಿಗಳಲ್ಲಿ ಇದನ್ನು ಕೊಂಚ ತಿದ್ದಿ ಹೇಳಬೇಕು. ಇಲ್ಲಿ ಗಿರಾಕಿ ಮೇಲಿನ ಕೋಪ ಹೆಂಡತಿ ಮೇಲೆ, ಕಂಡಕ್ಟರ್ ಮೇಲಿನ ಕೋಪ ಮಕ್ಕಳ ಮೇಲೆ!

ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುವ ದಿನಸಿ ಅಂಗಡಿ ಯಜಮಾನರನ್ನೇ ನೋಡಿ. ‘ಬನ್ನಿ ಅಣ್ಣ, ಏನ್ ಕೊಡ್ಲಿ ಅಕ್ಕ’ ಎಂದು ಬಾಯಿ ತುಂಬ ಮಾತು. ಅರ್ಧ ಕೆಜಿ ಬೇಳೆಗೆ ನಾಲ್ಕು ಸಲ ರೇಟು ಕೇಳಿ, ‘ಆಮೇಲೆ ಬತ್ತೀನಿ’ ಎಂದು ಹೊರಟವನಿಗೂ ನಗು. ಮೂರು ತಿಂಗಳಿಂದ ಬಾಕಿ ತೀರಿಸದವನಿಗೂ ನಗು. ರಾತ್ರಿ ಒಂಬತ್ತಕ್ಕೆ ಷಟರ್ ಎಳೆದರೋ, ನಗುವೂ ಒಳಗೇ ಉಳಿಯಿತು, ಬೀಗ ಬಿತ್ತು. ಮನೆಗೆ ಹೋಗುವುದು ಗಂಟಿಕ್ಕಿದ ಮುಖ ಮಾತ್ರ. ಸಾರಿಗೆ ಉಪ್ಪು ಜಾಸ್ತಿಯಾಯ್ತು, ಹುಡುಗ ಓದ್ತಾ ಇಲ್ಲ, ಟೀವಿ ಯಾಕೆ ಹಾಕಿದೀರಿ...

ದಿನಾ ಮೈಸೂರಿಗೆ ಹೋಗಿ ಬರುವವರದೂ ಇದೇ ಪಾಡು. ನಂಜನಗೂಡಿನವರಿಗೆ ರೈಲಾದರೂ ಉಂಟು, ನರಸೀಪುರದವರಿಗೆ ಬಸ್ಸೇ ಗತಿ. ನಿಂತುಕೊಂಡು ಹೋಗಿ, ಸಾಹೇಬರ ಕೈಲಿ ಅನ್ನಿಸಿಕೊಂಡು, ಮತ್ತೆ ನಿಂತುಕೊಂಡೇ ವಾಪಸು ಬರುವ ಮನುಷ್ಯ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾನೆ, ಸಿಟ್ಟು ಬಿಡುವುದಿಲ್ಲ.

‘ಮನೆಯವರ ಹತ್ರ ರೇಗದೆ ಬೀದೀಲಿ ರೇಗೋಕಾಗುತ್ತಾ ಸ್ವಾಮಿ?’ ಎಂದು ಕೇಳುವವರಿದ್ದಾರೆ. ಸರಿ, ಮನೆಯವರೂ ಅದೇ ಪ್ರಶ್ನೆ ಕೇಳಿದರೆ? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸಿನ ಕಾಸು ಉಳಿಯಿತು, ದಣಿವೇನೂ ಉಳಿಯಲಿಲ್ಲ. ದುಡಿದು ಬಂದ ಹೆಣ್ಣುಮಗಳು ಒಲೆ ಹಚ್ಚಬೇಕು, ಅತ್ತೆಗೆ ಮಾತ್ರೆ ಕೊಡಬೇಕು, ಮಗುವಿನ ಹೋಂವರ್ಕ್ ನೋಡಬೇಕು. ಅವಳು ಯಾರ ಮೇಲೆ ರೇಗಬೇಕು? ಕೊನೆಗೆ ಪೆಟ್ಟು ತಿನ್ನುವುದು ಮಗು. ಅದು ಯಾರ ಹತ್ರ ಹೇಳಿಕೊಂಡೀತು?

ವ್ಯಾಪಾರಸ್ಥರಿಗೆ ವ್ಯಾಪಾರದ ಮಾತಲ್ಲೇ ಹೇಳೋಣ. ಮನೆಯವರ ತಾಳ್ಮೆ ಉದ್ರಿ ಸಾಮಾನಿದ್ದ ಹಾಗೆ. ಕೇಳಿದಾಗಲೆಲ್ಲ ಸಿಗುತ್ತದೆ. ಆದರೆ ಲೆಕ್ಕ ತೀರಿಸದೆ ತರುತ್ತಲೇ ಇದ್ದರೆ ಎಂಥ ಅಂಗಡಿಯೂ ಒಂದು ದಿನ ಬಾಗಿಲು ಹಾಕುತ್ತದೆ.

ಲೆಕ್ಕ ತೀರಿಸುವುದು ಕಷ್ಟವೇನಲ್ಲ. ಕೈಕಾಲು ಮುಖ ತೊಳೆದು ಹತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ. ಆಮೇಲೆ ‘ಇವತ್ತು ಅಂಗಡೀಲಿ ಹಿಂಗಾಯ್ತು ಕಣೇ, ತಲೆ ಕೆಟ್ಟೋಗಿದೆ’ ಎಂದು ಬಾಯಿಬಿಟ್ಟು ಹೇಳಿ. ‘ನಿಂದೇನಾಯ್ತು?’ ಎಂದು ಕೇಳಿ, ಉತ್ತರ ಬರೋವರೆಗೆ ಮೊಬೈಲು ಕೆಳಗಿಡಿ. ದಣಿದಿದ್ದೇನೆ ಎಂದರೆ ಮನೆಯವರು ನೀರು ಕೊಟ್ಟಾರು. ತಟ್ಟೆ ತಳ್ಳಿದರೆ ಏನು ತಾನೇ ಕೊಟ್ಟಾರು? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಉಣ್ಣದೆ ಮಲಗುವ ದಿನ ಹೆಚ್ಚಾದರೆ ಆ ಮಾತೂ ಸುಳ್ಳಾಗುತ್ತದೆ.

ಒಂದು ಮಾತು ಖಡಾಖಂಡಿತ. ಕೈ ಎತ್ತುವುದು ‘ಸಿಟ್ಟಿನ ಸ್ವಭಾವ’ ಎಂಬ ಸಬೂಬಿಗೆ ಸೇರುವುದಿಲ್ಲ. ಅದು ಅಪರಾಧ. ಮನೆಯೊಳಗಿನ ಹಿಂಸೆಯ ವಿರುದ್ಧ 2005ರಲ್ಲೇ ಕಾಯಿದೆ ಆಗಿದೆ. ಹೆಂಗಸರು 181ಕ್ಕೆ ಫೋನ್ ಮಾಡಬಹುದು. ‘ಹೊಂದಿಕೊಂಡು ಹೋಗಮ್ಮ’ ಎಂಬ ಬುದ್ಧಿಮಾತು ಅಲ್ಲಿ ಬೇಡ.

ಇನ್ನೊಂದು ಸಂಗತಿ. ಎರಡು ವಾರ ಕಳೆದರೂ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದರೆ ಅದು ಬರೀ ಬೇಜಾರು ಇರಲಾರದು, ಡಾಕ್ಟರಿಗೆ ತೋರಿಸಬೇಕಾದ ಕಾಯಿಲೆ ಇರಬಹುದು. ‘ಬದುಕಿ ಏನು ಪ್ರಯೋಜನ’ ಎಂಬ ಮಾತು ಬಂದರಂತೂ ಎರಡು ವಾರ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ. ಮಂಡಿ ನೋವಿಗೆ ಆಸ್ಪತ್ರೆಗೆ ಓಡುವ ನಾವು ಮನಸ್ಸಿನ ನೋವಿಗೆ ಮಾತ್ರ ‘ಜನ ಏನಂತಾರೆ’ ಎಂದು ಬಾಗಿಲು ಹಾಕಿಕೊಳ್ಳುತ್ತೇವೆ.

ನಮ್ಮ ಮೈಸೂರಿನ ಕಾದಂಬರಿಗಾರ್ತಿ ತ್ರಿವೇಣಿಯವರು ‘ಶರಪಂಜರ’ದಲ್ಲಿ ತೋರಿಸಿದ್ದೂ ಇದನ್ನೇ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ಕಲ್ಪನಾ ಅವರ ಕಾವೇರಿಯನ್ನು ನೋಡಿ ಕಣ್ಣೊರೆಸಿಕೊಂಡವರು ನಮ್ಮ ಊರುಗಳಲ್ಲಿ ಎಷ್ಟು ಜನ! ಆಸ್ಪತ್ರೆಯಲ್ಲಿ ಕಾವೇರಿಗೆ ವಾಸಿಯಾಗಿತ್ತು. ಮನೆಯವರ, ನೆರೆಹೊರೆಯವರ ಅನುಮಾನಕ್ಕೆ ಮಾತ್ರ ಮದ್ದು ಸಿಗಲಿಲ್ಲ. ಟಾಕೀಸಿನಲ್ಲಿ ಅತ್ತವರೇ ಪಕ್ಕದ ಮನೆ ಹೆಣ್ಣುಮಗಳಿಗೆ ‘ಹುಚ್ಚಿ’ ಎಂದು ಹೆಸರಿಟ್ಟರೆ ಆ ಕಣ್ಣೀರಿಗೆ ಏನು ಬೆಲೆ?

ಸಹಾಯ ದೂರವೇನಿಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೂ ಹತ್ತಿರದ ಆಸ್ಪತ್ರೆಯಲ್ಲೇ ಔಷಧಿ ಸಿಗುವ ಹಾಗೆ ಮಾಡಿ ತೋರಿಸಿದರು. ದೇಶಕ್ಕೇ ಅದು ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗೆ ಹೋದಾಗ, ಮನೋವೈದ್ಯರು ಯಾವತ್ತು ಸಿಗುತ್ತಾರೆ ಎಂದು ಚೀಟಿ ಕೊಡುವ ಕಡೆ ಧೈರ್ಯವಾಗಿ ಕೇಳಿ. ಅಲ್ಲಿಗೂ ಹೋಗಲು ಸಂಕೋಚವೇ? 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಇದೆ. ನಂಬರು 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ. ಗಲ್ಲಾ ಪೆಟ್ಟಿಗೆ ಮೇಲೆ ಗಣಪತಿ ಪಟದ ಪಕ್ಕ ಈ ಐದು ಅಂಕಿ ಬರೆದಿಟ್ಟರೆ ನಿಮಗಲ್ಲದಿದ್ದರೂ ಬಂದ ಗಿರಾಕಿಗಾದರೂ ಉಪಯೋಗಕ್ಕೆ ಬಂದೀತು.

ದೇವರಿಗೆ ಹರಕೆ ಹೊತ್ತುಕೊಳ್ಳಬೇಡಿ ಎಂದು ಯಾರೂ ಹೇಳುತ್ತಿಲ್ಲ. ಟಿಪ್ಪುವಿನ ಆನೆಯ ಕಣ್ಣು ವಾಸಿ ಮಾಡಿದ ಎಂಬ ಐತಿಹ್ಯದಿಂದ ನಮ್ಮ ಶ್ರೀಕಂಠೇಶ್ವರನಿಗೆ ‘ಹಕೀಂ ನಂಜುಂಡ’ ಎಂಬ ಹೆಸರೇ ಇದೆ. ಹಕೀಂ ಎಂದರೆ ವೈದ್ಯ. ದೇವರನ್ನೇ ಡಾಕ್ಟರೆಂದು ಕರೆದ ಊರಿನವರು ಡಾಕ್ಟರ ಹತ್ತಿರ ಹೋಗಲು ನಾಚುವುದು ಚೆಂದವೇ?

ಇವತ್ತು ರಾತ್ರಿ ಷಟರ್ ಎಳೆಯುವಾಗ ಗಲ್ಲಾದ ಕಾಸಿನ ಜೊತೆ ಗಿರಾಕಿಗೆ ಕೊಟ್ಟು ಮಿಕ್ಕ ನಗುವನ್ನೂ ಎತ್ತಿಕೊಂಡು ಹೋಗಿ. ಮನೆಯಲ್ಲಿ ಬೆಳಗಿನಿಂದ ಕಾಯುತ್ತಿರುವವರು ಚೌಕಾಸಿಯನ್ನೂ ಮಾಡುವುದಿಲ್ಲ.