ಒಂಟಿ ನಾಣ್ಯಕ್ಕೂ ದಾಖಲೆ ಬೇಕು

ಹೂತಿಟ್ಟ ನಿಧಿ ಯಾರೋ ಕೂಡಿಟ್ಟ ಗಂಟು. ಹೊಲದಲ್ಲಿ ಒಂಟಿಯಾಗಿ ಸಿಗುವ ನಾಣ್ಯ ಹಾಗಲ್ಲ. ಅದು ಸಂತೆಗೆ ಹೋಗಿಬರುವಾಗ ಜಾರಿಬಿದ್ದ ಚಿಲ್ಲರೆ, ನಿತ್ಯದ ವ್ಯವಹಾರಕ್ಕೆ ನೇರ ಸಾಕ್ಷಿ. ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂ, ಬ್ರಿಟಿಷ್ ದ್ವೀಪಗಳಲ್ಲಿ ಸಿಕ್ಕ ಕ್ರಿ.ಶ. 410ರಿಂದ 1180ರವರೆಗಿನ ಇಂಥ ನಾಣ್ಯಗಳನ್ನು ಒಂದೊಂದಾಗಿ ದಾಖಲಿಸುತ್ತ ಬಂದಿದೆ: ಸಿಕ್ಕ ಜಾಗ, ತೂಕ, ಎರಡೂ ಮುಖಗಳ ಚಿತ್ರ. 7–8ನೇ ಶತಮಾನದ, ಸುಮಾರು ಒಂದು ಗ್ರಾಂ ತೂಕದ ಪುಟ್ಟ ಬೆಳ್ಳಿ ಪೆನ್ನಿಗಳು ಪೂರ್ವ ಇಂಗ್ಲೆಂಡಿನ ಹೊಲಗಳಲ್ಲಿ ದಂಡಿಯಾಗಿ ಸಿಕ್ಕಿವೆ. ಹಣದ ಚಲಾವಣೆ ಬಂದರುಗಳಾಚೆಗೂ ಹಬ್ಬಿತ್ತೆಂಬುದಕ್ಕೆ ಅವೇ ಪುರಾವೆ. ಹೆಚ್ಚಿನವನ್ನು ಹುಡುಕಿ ತಿಳಿಸಿದವರು ಲೋಹಶೋಧಕ ಹಿಡಿದ ಹವ್ಯಾಸಿಗಳೇ. ಸಿಕ್ಕ ಜಾಗ ಮರೆತರೆ ಸಾಕ್ಷ್ಯದ ಅರ್ಧ ಹೋದಂತೆ. ಭಾರತದಲ್ಲಿ 1878ರ ನಿಧಿ ಕಾಯ್ದೆಯಂತೆ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅಕ್ಕಸಾಲಿಗನ ಮೂಸೆಗೆ ಬೀಳುವ ಮೊದಲು ಒಂಟಿ ನಾಣ್ಯದ ಸುದ್ದಿಯೂ ಅಲ್ಲಿಗೆ ಮುಟ್ಟಲಿ.