ಶಸ್ತ್ರಚಿಕಿತ್ಸೆಯ ನಂತರದ ನಡಿಗೆ

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕಿಮೊಥೆರಪಿ ಮುಗಿಸಿ ಮನೆಗೆ ಬಂದವರಿಗೆ ಬಂಧುಗಳು ಹೇಳುವುದು ಒಂದೇ ಮಾತು: ‘ಆಯಾಸ ಮಾಡಿಕೊಳ್ಳಬೇಡಿ, ಮಲಗಿರಿ’. ಅಕ್ಕರೆಯ ಈ ಸಲಹೆ ಬದಲಾಗಬೇಕಿದೆ. ಬಹುಪಾಲು ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ 889 ರೋಗಿಗಳನ್ನು ಒಳಗೊಂಡು ನಡೆದ ‘ಚಾಲೆಂಜ್’ ಅಧ್ಯಯನದ ಫಲಿತಾಂಶ 2025ರ ಜೂನ್‌ನಲ್ಲಿ ಪ್ರಕಟವಾಯಿತು. ಮೂರು ವರ್ಷ ತರಬೇತುದಾರರ ನಿಗಾದಲ್ಲಿ ವ್ಯಾಯಾಮ ಮಾಡಿದವರ ಪೈಕಿ ಶೇ 80ರಷ್ಟು ಮಂದಿ ಐದು ವರ್ಷಗಳ ನಂತರವೂ ಕ್ಯಾನ್ಸರ್‌ ಮರುಕಳಿಸದೆ ಬದುಕಿದ್ದರು. ಆರೋಗ್ಯ ಕೈಪಿಡಿಯನ್ನಷ್ಟೇ ಪಡೆದವರಲ್ಲಿ ಈ ಪ್ರಮಾಣ ಶೇ 74. ಎಂಟು ವರ್ಷಗಳ ಲೆಕ್ಕದಲ್ಲಿ ಬದುಕುಳಿದವರು ಕ್ರಮವಾಗಿ ಶೇ 90 ಮತ್ತು ಶೇ 83. ಒಂದು ಹೊಸ ಔಷಧ ಇಷ್ಟು ಸಾಧಿಸಿದ್ದರೆ ಅದರ ಬೆಲೆ ಲಕ್ಷಗಳಲ್ಲಿರುತ್ತಿತ್ತು. ಇಲ್ಲಿ ಬೇಕಾದದ್ದು ವಾರಕ್ಕೆ ಮೂರು–ನಾಲ್ಕು ಬಾರಿ ಮುಕ್ಕಾಲು ಗಂಟೆಯ ಬಿರುಸು ನಡಿಗೆ.

ಆದರೆ ಗಮನಿಸಿ, ಕೈಪಿಡಿ ಕೊಟ್ಟು ಕಳುಹಿಸಿದ್ದರಿಂದ ಈ ಫಲ ಸಿಗಲಿಲ್ಲ. ಒಬ್ಬರು ಬೆನ್ನಿಗೆ ನಿಂತು ನಡೆಸಿದರು. ಹಾಗಾಗಿ ಹೊಣೆಯನ್ನು ರೋಗಿಯ ಹೆಗಲಿಗೇ ಹೊರಿಸುವುದು ಅನ್ಯಾಯ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿಂದ ಹಿಡಿದು ಜಿಲ್ಲಾ ಆಸ್ಪತ್ರೆಗಳವರೆಗೆ, ಕ್ಯಾನ್ಸರ್‌ ರೋಗಿಗಳ ಮರುಭೇಟಿಯ ದಿನ ಫಿಸಿಯೊಥೆರಪಿಸ್ಟ್‌ ಸಲಹೆಯೂ ಕಡ್ಡಾಯವಾಗಿ ಸಿಗಬೇಕು. ನಡಿಗೆಯೊಂದೇ ಸಾಕೆಂದು, ಕ್ಯಾನ್ಸರ್‌ ಮರಳಿರುವ ಸುಳಿವು ನೀಡಬಲ್ಲ ಸಿಇಎ ರಕ್ತಪರೀಕ್ಷೆ, ಸ್ಕ್ಯಾನ್‌, ಕೊಲೊನೊಸ್ಕೋಪಿಗಳನ್ನು ತಪ್ಪಿಸುವಂತಿಲ್ಲ; ಮರುಕಳಿಸುವಿಕೆ ಹೆಚ್ಚಾಗಿ ಕಾಣುವುದು ಮೊದಲ ಎರಡು–ಮೂರು ವರ್ಷಗಳಲ್ಲಿ. ಆ ಅವಧಿಯ ಪರೀಕ್ಷೆಗಳ ಜೊತೆ ದೂರದ ಊರಿನವರ ಪ್ರಯಾಣ ವೆಚ್ಚವನ್ನೂ ಸರ್ಕಾರ ಭರಿಸಲಿ.