ದೂರದ ಗೆಳೆಯರೊಡನೆ ಕಷ್ಟಸುಖದ ಮಾತು

ಒಕ್ಕಲುತನದಲ್ಲಿ ಆಗುವ ದೊಡ್ಡ ನಷ್ಟಗಳನ್ನು ಕುರಿತು ವಿಚಾರಮಾಡುವುದಕ್ಕೆ ಸರ್ಕಾರವುಂಟು, ಇಲಾಖೆಯುಂಟು, ಸಹಕಾರ ಸಂಘಗಳುಂಟು. ನೆರೆ ಬಂದರೆ ಅಳೆಯುವವರು ಬರುತ್ತಾರೆ. ಬರ ಬಿದ್ದರೆ ಪಟ್ಟಿ ಬರೆಯುವವರು ಬರುತ್ತಾರೆ. ಆದರೆ ಪಂಪಿನ ಸ್ಟಾರ್ಟರಿನೊಳಗೆ ಹಲ್ಲಿಯೊಂದು ಸಿಕ್ಕಿ ಸತ್ತು, ರಾತ್ರಿ ಎರಡು ಗಂಟೆಗೆ ಬಂದ ಮೂರು ಫೇಸಿನ ವಿದ್ಯುತ್ತು ಬೆಳಗಾಗುವುದರೊಳಗೆ ಹೋಗಿ, ತೋಟಕ್ಕೆ ಒಂದು ಬೊಗಸೆ ನೀರೂ ಬೀಳದಿದ್ದರೆ, ಆ ವ್ಯಸನವನ್ನು ಯಾವ ಕಚೇರಿಯ ಯಾವ ಪುಸ್ತಕದಲ್ಲಿಯೂ ಬರೆದುಕೊಳ್ಳುವುದಿಲ್ಲ. ಹಾಗೆಯೇ ಹಸು ಈದು ಮನೆಯಲ್ಲಿ ಗಿಣ್ಣು ಬೇಯಿಸಿದ ದಿನದ ಸಂತೋಷಕ್ಕೂ, ಗುಡುಗಿನ ಮರುದಿನ ಹುತ್ತದ ಬಳಿ ಒಂದು ಬುಟ್ಟಿ ಅಣಬೆ ಸಿಕ್ಕಿದ ಸಂತೋಷಕ್ಕೂ ಲೆಕ್ಕದ ಪುಸ್ತಕವಿಲ್ಲ. ಒಕ್ಕಲಿಗನ ಬಾಳಿನ ಬಹುಭಾಗವು ಇಂಥ ಸಣ್ಣ ಬೇಸರಗಳಿಂದಲೂ ಸಣ್ಣ ಸುಖಗಳಿಂದಲೂ ಕೂಡಿದೆಯೆಂಬುದು ಸರ್ವರೂ ಬಲ್ಲ ಸಂಗತಿ. ಇವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಕೇವಲ ಕಾಲಹರಣವೆಂದು ಅನೇಕ ಯಜಮಾನರು ಭಾವಿಸುವರು. ಆ ಭಾವನೆ ಸರಿಯಲ್ಲವೆಂದು ನಿವೇದಿಸಿಕೊಳ್ಳುವುದೇ ಈ ಲೇಖನದ ಉದ್ದೇಶ.

ಹಿಂದಿನ ಕಾಲದಲ್ಲಿ ಈ ಮಾತುಗಳಿಗೆ ಅರಳಿಕಟ್ಟೆಯಿತ್ತು, ವಾರದ ಸಂತೆಯಿತ್ತು, ಭತ್ತದ ಗಿರಣಿಯ ಮುಂದಿನ ಜಗಲಿಯಿತ್ತು. ಬಯಲುಸೀಮೆಯ ಊರುಗಳಲ್ಲಿ ಇವು ಈಗಲೂ ಅಷ್ಟಿಷ್ಟು ಉಳಿದಿವೆ. ಮಲೆನಾಡಿನಲ್ಲಿಯಾದರೋ ಮನೆಗೂ ಮನೆಗೂ ನಡುವೆ ಗುಡ್ಡವೊಂದು, ಹಳ್ಳವೊಂದು. ಮಳೆಗಾಲದಲ್ಲಿ ನೆರೆಮನೆಯವರ ಮುಖ ಕಾಣುವುದೇ ಅಪರೂಪ. ಮಕ್ಕಳು ವಿದ್ಯಾಭ್ಯಾಸಕ್ಕೂ ಉದ್ಯೋಗಕ್ಕೂ ಬೆಂಗಳೂರು ಸೇರಿ, ದೊಡ್ಡ ದೊಡ್ಡ ಮನೆಗಳಲ್ಲಿ ವಯಸ್ಸಾದ ದಂಪತಿಗಳಿಬ್ಬರೇ ಉಳಿದಿರುವುದು ಈಗ ಸಾಮಾನ್ಯ ದೃಶ್ಯವಾಗಿದೆ. ಇಂಥ ಸ್ಥಿತಿಯಲ್ಲಿ ಮೊಬೈಲ್ ಫೋನಿನ ಮೂಲಕ ಕೂಡಿಕೊಂಡಿರುವ ಬೆಳೆಗಾರರ ಬಳಗಗಳು ಕಟ್ಟೆಯ ಕೆಲಸವನ್ನು ಮಾಡುತ್ತಿವೆ. ತೀರ್ಥಹಳ್ಳಿಯ ಕಡೆ ಮೂರೆಕರೆ ಅಡಿಕೆ ತೋಟವುಳ್ಳ ನಾನು ಅಂಥ ಒಂದು ಬಳಗದಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಶಿರಸಿ, ಸಾಗರ, ಹೊಸನಗರ, ಪುತ್ತೂರುಗಳ ಅಡಿಕೆಯವರು, ಸಕಲೇಶಪುರದ ಕಾಫಿಯವರು, ತಿಪಟೂರಿನ ತೆಂಗಿನವರು, ಚನ್ನಗಿರಿಯ ಕಡೆ ಮುಸುಕಿನ ಜೋಳ ಬೆಳೆಯುವವರು, ಎಲ್ಲರೂ ಸೇರಿ ನಲವತ್ತು ಮಂದಿ. ಇವರ ಪೈಕಿ ನಾನು ಮುಖತಃ ಕಂಡವರು ಏಳೆಂಟು ಮಂದಿಗಿಂತ ಹೆಚ್ಚಿಲ್ಲ. ಆದರೂ ಅವರ ಮನೆಯ ದನಗಳ ಹೆಸರು ನನಗೆ ಗೊತ್ತು.

ಬಳಗದ ದಿನವು ಮಳೆಯ ಲೆಕ್ಕದಿಂದ ಆರಂಭವಾಗುವುದು. ಕೆಲವರ ಅಂಗಳದಲ್ಲಿ ಮಳೆಮಾಪಕವಿದೆ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಎಂದರೆ ಬೆಳಗ್ಗೆ ಎಂಟೂವರೆಗೆ, ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆಯನ್ನು ಅಳೆದು ಎಲ್ಲರಿಗೂ ತಿಳಿಸುವುದು ರೂಢಿ. ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಎಕರೆಗೆ ಲೆಕ್ಕಹಾಕಿದರೆ ಸುಮಾರು 4,000 ಲೀಟರ್. 100 ಮಿಲಿಮೀಟರ್ ಬಿದ್ದ ದಿನ ಒಂದೊಂದು ಎಕರೆಯ ಮೇಲೂ ನಾಲ್ಕು ಲಕ್ಷ ಲೀಟರ್ ಸುರಿಯಿತೆಂದು ಅರ್ಥ. ಬಸಿಗಾಲುವೆಯನ್ನು ಬಿಡಿಸದ ತೋಟದ ಗತಿಯನ್ನು ಇದರಿಂದಲೇ ಊಹಿಸಬಹುದು. ನಮ್ಮ ಲೆಕ್ಕವನ್ನು ಓದಿ ತಿಪಟೂರಿನವರು, "ನಿಮ್ಮ ಒಂದು ದಿನದ ಮಳೆಯನ್ನು ಈ ಕಡೆ ಕಳುಹಿಸಿದರೆ ನಮ್ಮ ಒಂದು ತಿಂಗಳು ಕಳೆಯುತ್ತದೆ" ಎಂದು ಬರೆಯುವರು. ಇದು ಪ್ರತಿವರ್ಷ ಬರುವ ಮಾತು. ಪ್ರತಿವರ್ಷವೂ ನಾವು ನಗುತ್ತೇವೆ. ಬೇಸಗೆಯಲ್ಲಿ ಸಕಲೇಶಪುರದ ಕಡೆ ಹೂಮಳೆಯಾಗಿ, ಎಂಟು ಹತ್ತು ದಿನಗಳ ತರುವಾಯ ಕಾಫಿಯ ಗಿಡಗಳೆಲ್ಲ ಬೆಳ್ಳಗೆ ಅರಳಿದಾಗ ಅಲ್ಲಿಯವರು ಚಿತ್ರ ಕಳುಹಿಸುವರು. ಪರಿಮಳವನ್ನು ಕಳುಹಿಸುವ ಉಪಾಯ ಮಾತ್ರ ಇನ್ನೂ ಹೊರಟಿಲ್ಲ.

ಇನ್ನು ಬೇಸರಗಳ ವಿಷಯ. ಆಷಾಢ ಶ್ರಾವಣಗಳಲ್ಲಿ ಅಡಿಕೆಯವರ ಬೇಸರಕ್ಕೆ ಕೊಳೆರೋಗವೇ ಮೂಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಂದೆ ವ್ಯವಸಾಯ ಇಲಾಖೆಯ ಡೈರೆಕ್ಟರಾದ ಲೆಸ್ಲಿ ಕೋಲ್ಮನ್ನರು ಈ ರೋಗವು ಒಂದು ಬಗೆಯ ಬೂಷ್ಟಿನಿಂದ ಬರುವುದೆಂದು ತೋರಿಸಿ, 1910ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಅದಕ್ಕೆ ಮೊದಲು ನಮ್ಮ ಹಿರಿಯರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನಗಳ ತರುವಾಯ ಮತ್ತೊಮ್ಮೆ ಸಿಂಪಡಿಸತಕ್ಕದ್ದೆಂಬುದು ಈಗ ಎಲ್ಲರಿಗೂ ಗೊತ್ತು. ಆದರೆ ಗೊತ್ತಿರುವುದಕ್ಕೂ ನಡೆಯುವುದಕ್ಕೂ ನಡುವೆ ಇರುವ ಅಂತರವನ್ನು ತೋಟದವನೇ ಬಲ್ಲ. ಬಿಸಿಲು ಬಂದ ದಿನ ಕೊನೆಗಾರನಿಲ್ಲ, ಕೊನೆಗಾರ ಬಂದ ದಿನ ಬಿಸಿಲಿಲ್ಲ. ಇಬ್ಬರೂ ಬಂದ ದಿನ ಪಂಪಿನ ನಾಝಲ್ ಕಟ್ಟಿಕೊಳ್ಳುತ್ತದೆ. ಮರ ಹತ್ತುವವರ ಅಭಾವದಿಂದ ಉದ್ದನೆಯ ದೋಟಿಗಳನ್ನು ಕೊಂಡು ನೆಲದಲ್ಲಿಯೇ ನಿಂತು ಸಿಂಪಡಿಸುವವರಿಗೆ ಕುತ್ತಿಗೆ ನೋವು ಬೇರೆ.

ಇಂಥ ಗೊಣಗಾಟದಿಂದ ಪ್ರಯೋಜನವೇನೆಂದು ಕೇಳಬಹುದು. ಒಂದು ಸಂಜೆ ಶಿರಸಿಯ ಕಡೆಯವರೊಬ್ಬರು, ಎರಡು ಡ್ರಮ್ಮು ದ್ರಾವಣ ಮುಗಿಯುವುದರೊಳಗೆ ಐದು ಸಲ ನಾಝಲ್ ಬಿಚ್ಚಬೇಕಾಯಿತೆಂದು ಬೇಸರದಿಂದ ಬರೆದರು. ಸುಣ್ಣದ ತಿಳಿಯನ್ನು ಬಟ್ಟೆಯಲ್ಲಿ ಸೋಸಿದಿರಾ ಎಂದು ಒಬ್ಬರು ಕೇಳಿದರು. ಸುಣ್ಣ ಹಳೆಯದೋ ಹೊಸದೋ ಎಂದು ಇನ್ನೊಬ್ಬರು. ಮಾತಿನಿಂದ ಮಾತು ಬೆಳೆದು, ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವೆಂಬ ಪ್ರಮಾಣವನ್ನು ಎಲ್ಲರೂ ಬಲ್ಲರಾದರೂ, ಎರಡನ್ನೂ ಐವತ್ತೈವತ್ತು ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಬೇಕೆಂಬುದನ್ನು ಮೂರು ನಾಲ್ಕು ಮಂದಿ ಪಾಲಿಸುತ್ತಿರಲಿಲ್ಲವೆಂದು ಹೊರಬಿತ್ತು. ದ್ರಾವಣದಲ್ಲಿ ಕಬ್ಬಿಣದ ಚೂರಿಯನ್ನು ಅದ್ದಿ, ಅಲಗಿನ ಮೇಲೆ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯುವ ಪರೀಕ್ಷೆಯನ್ನು ನಾನೇ ಹತ್ತು ವರ್ಷಗಳಿಂದ ಮಾಡಿರಲಿಲ್ಲ. ಯಾರಾದರೂ ನೇರವಾಗಿ ಕೇಳಿದ್ದರೆ ಮಾಡುತ್ತೇನೆಂದೇ ಹೇಳುತ್ತಿದ್ದೆನೋ ಏನೋ. ಉಪದೇಶಕ್ಕೆ ಬಾಗದ ತಲೆ ಗೆಳೆಯನ ಗೊಣಗಾಟಕ್ಕೆ ಬಾಗಿತು.

ಸಣ್ಣ ದೂರೇ ದೊಡ್ಡ ಸುದ್ದಿಯಾಗುವುದೂ ಉಂಟು. ಅಮೆರಿಕಾ ಖಂಡದ ಸೈನಿಕ ಹುಳುವು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು, 2018ರ ಮೇ ತಿಂಗಳಲ್ಲಿ ಶಿವಮೊಗ್ಗೆಯ ಕೃಷಿ ಮಹಾವಿದ್ಯಾಲಯದ ಮುಸುಕಿನ ಜೋಳದಲ್ಲಿ ಪತ್ತೆಯಾಯಿತು. ಭಾರತದಲ್ಲಿ ಅದು ಗೊತ್ತಾದದ್ದು ಅಲ್ಲಿಯೇ ಮೊದಲು. ಆ ವರ್ಷದ ಮುಂಗಾರಿನಲ್ಲಿ ಚನ್ನಗಿರಿಯ ಕಡೆಯ ನಮ್ಮ ಗೆಳೆಯರು, ಜೋಳದ ಸುಳಿಯೊಳಗೆ ಒದ್ದೆ ಮರದಹೊಟ್ಟಿನಂಥದು ತುಂಬಿಕೊಂಡಿದೆ, ಎಲೆಗಳೆಲ್ಲ ಜಾಳುಜಾಳಾಗಿವೆ, ಯಾವ ಪೀಡೆಯೋ ಕಾಣೆ ಎಂದು ಬರೆದರು. ಅದು ದೂರಾಗಿತ್ತೇ ಹೊರತು ಪ್ರಶ್ನೆಯಾಗಿರಲಿಲ್ಲ. ಆ ಚಿತ್ರವನ್ನು ನೋಡಿದ ಮತ್ತೊಬ್ಬರು ಅದನ್ನು ಕೃಷಿ ಅಧಿಕಾರಿಗಳಿಗೆ ತೋರಿಸಿದರು. ಈ ಹುಳುವಿನ ಪತಂಗವು ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರಿನವರೆಗೆ ಹಾರಬಲ್ಲದು. ಮರಿಯು ದೊಡ್ಡದಾಗಿ ಸುಳಿಯ ಆಳಕ್ಕೆ ಇಳಿದ ಮೇಲೆ ಔಷಧಿ ಅದನ್ನು ಮುಟ್ಟುವುದು ಕಷ್ಟ. ಆದುದರಿಂದ ಒಬ್ಬನು ಒಂದು ವಾರ ಮೊದಲೇ ಗೊಣಗಿದರೆ ಅದು ಹತ್ತು ಊರಿಗೆ ಉಪಕಾರ.

ಆದರೆ ಗೊಣಗುವುದಕ್ಕೂ ಧೈರ್ಯ ಬೇಕು. ಈ ಮಾತನ್ನು ಗ್ರಾಮದ ಹಿರಿಯರಲ್ಲಿಯೂ ಭೂಮಾಲಿಕರಲ್ಲಿಯೂ ವಿಶೇಷವಾಗಿ ವಿಜ್ಞಾಪಿಸಬೇಕಾಗಿದೆ. 1961ರ ಶಾಸನದಿಂದ ವಂಶಪಾರಂಪರ್ಯದ ಪಟೇಲಿಕೆ, ಶ್ಯಾನುಭೋಗಿಕೆಗಳು ಹೋದರೂ "ಪಟೇಲರ ಮನೆ" ಎಂಬ ಮಾತು ಹೋಗಿಲ್ಲ. ಆ ಮಾತಿನೊಡನೆ ಬಂದ ಬಿಗುವೂ ಹೋಗಿಲ್ಲ. ಊರಿನಲ್ಲಿ ನಾಲ್ಕು ಜನ ಬುದ್ಧಿ ಕೇಳಲು ಬರುವ ಮನೆಯ ಯಜಮಾನನು ತನ್ನ ತೋಟದ ರೋಗವನ್ನು ಹೇಗೆ ಹೇಳಿಕೊಂಡಾನು? ಬಳಗಗಳಲ್ಲಿ ಇಂಥವರು ಒಳ್ಳೆಯ ಗೊನೆಯ ಚಿತ್ರವನ್ನು ಮಾತ್ರ ಕಳುಹಿಸಿ ಸುಮ್ಮನಾಗುವರು. ಅದನ್ನು ನೋಡಿದ ಸಣ್ಣ ಹಿಡುವಳಿದಾರನು ತನ್ನೊಬ್ಬನಿಗೇ ಕಷ್ಟ ಬಂದಿದೆಯೆಂದು ತಿಳಿದು ಇನ್ನಷ್ಟು ಬಾಯಿ ಮುಚ್ಚಿಕೊಳ್ಳುವನು.

ಪರರನ್ನು ಏಕೆ ಹೇಳಬೇಕು? 2022ರ ಮಳೆಗಾಲದಲ್ಲಿ ನನ್ನ ತೋಟದ ಮೇಲ್ಭಾಗದ ಹತ್ತು ಹನ್ನೆರಡು ಮರಗಳ ಕೆಳಗರಿಗಳಲ್ಲಿ ಎಲೆಚುಕ್ಕಿ ರೋಗ ಕಾಣಿಸಿತು. ಬಳಗದಲ್ಲಿ ಅದೇ ರೋಗದ ಚರ್ಚೆ ನಡೆಯುತ್ತಿದ್ದಾಗಲೂ ಒಂದು ತಿಂಗಳು ನಾನು ಬಾಯಿ ಬಿಡಲಿಲ್ಲ. ತೋಟ ನೋಡಿಕೊಳ್ಳಲಾರದವನೆಂದು ಅನ್ನಿಸಿಕೊಳ್ಳಬಾರದೆಂಬ ಒಂದೇ ಕಾರಣ. ಗಾಳಿ ಮಳೆಗಳಿಂದ ಹರಡುವ ರೋಗವು ನನ್ನ ಮರ್ಯಾದೆಯನ್ನು ನೋಡಿ ಬೇಲಿಯ ಬಳಿ ನಿಲ್ಲಲಿಲ್ಲ. ಪಕ್ಕದ ತೋಟದವರು ಒಂದು ದಿನ ಗರಿಯೊಂದನ್ನು ಹಿಡಿದುಕೊಂಡು ಬಂದು, "ಇದು ಏನು ನೋಡಿ ಅಣ್ಣಾ" ಎಂದು ನನ್ನನ್ನೇ ಕೇಳಿದರು. ಅದು ನನ್ನ ತೋಟದಿಂದಲೇ ಹೋಯಿತೆಂದು ಸಾಧಿಸಲಾರೆ. ಆದರೆ ರೋಗದ ಗರಿಗಳನ್ನು ಕತ್ತರಿಸಿ ಸುಡತಕ್ಕದ್ದೆಂದು ಅವರಿಗೆ ಒಂದು ತಿಂಗಳು ಮೊದಲೇ ಹೇಳಬಹುದಾಗಿತ್ತು.

ಬೆಳೆಗಾರನು ತನ್ನ ಅನುಭವವನ್ನು, ಸೋಲನ್ನೂ ಕೂಡಿಸಿ, ತಾನೇ ಹೇಳಬೇಕೆಂಬುದು ಹೊಸ ವಿಚಾರವೇನೂ ಅಲ್ಲ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ಅಡಿಕೆ ಪತ್ರಿಕೆಯು ಕೃಷಿಕರ ಕೈಗೇ ಲೇಖನಿಯನ್ನು ಕೊಟ್ಟು ಇದನ್ನು ಮಾಡಿ ತೋರಿಸಿದೆ. ಆಗ ಬರೆಯುವವರು ಕೆಲವರು. ಈಗ ಎಲ್ಲರ ಕಿಸೆಯಲ್ಲಿಯೂ ಫೋನುಂಟು.

ಬಳಗದಿಂದ ಆಗಬಹುದಾದ ಇನ್ನೊಂದು ಉಪಕಾರವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. 2019ರ ಆಗಸ್ಟ್ ತಿಂಗಳಲ್ಲಿ ಮಲೆನಾಡಿನಲ್ಲಿ ಬಿದ್ದ ಮಳೆಯನ್ನು ಯಾರೂ ಮರೆತಿರಲಾರರು. ಸಾಗರದ ಕಡೆಯ ಗೆಳೆಯರೊಬ್ಬರು ಮಳೆಗಾಲದಲ್ಲಿ ಒಂದು ದಿನವೂ ತಪ್ಪದೆ ಲೆಕ್ಕ ಕಳುಹಿಸುತ್ತಿದ್ದವರು; ಹೆಚ್ಚು ಮಾತಿನವರಲ್ಲ, ಅಂಕಿಯೊಂದೇ. ಆ ತಿಂಗಳಲ್ಲಿ ಮೂರು ದಿನ ಅಂಕಿ ಬರಲಿಲ್ಲ. ವಿದ್ಯುತ್ತು ಹೋಗಿ ಫೋನು ಆರಿರಬಹುದೆಂದು ನಾವೆಲ್ಲ ತಿಳಿದೆವು. ಪುತ್ತೂರಿನವರೊಬ್ಬರು ಮಾತ್ರ ಬಿಡದೆ ಕರೆಮಾಡಿ, "ಏನು ಮಾರಾಯ್ರೆ, ಮೂರು ದಿವಸದಿಂದ ನಿಮ್ಮ ಲೆಕ್ಕವೇ ಇಲ್ಲ? ಮಾಪಕ ಹೊಳೆಗೆ ಹೋಯಿತಾ?" ಎಂದು ವಿನೋದವಾಗಿ ಕೇಳಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ತರುವಾಯ, "ಮಾಪಕ ಇದೆ. ಅಳೆದು ಏನು ಮಾಡಲಿ ಹೇಳಿ" ಎಂಬ ಉತ್ತರ ಬಂದಿತು.

ಎರಡನೆಯ ಸಿಂಪಡಣೆಗೆ ಮಳೆ ಬಿಡುವು ಕೊಟ್ಟಿರಲಿಲ್ಲ. ತೋಟದಲ್ಲಿ ಕಾಲಿಟ್ಟಲ್ಲೆಲ್ಲ ಕೊಳೆತ ಕಾಯಿ. ಹಿಂದಿನ ವರ್ಷ ಅಡಿಕೆ ಒಣಗಿಸುವ ಮಾಡಿಗೆಂದು ತೆಗೆದುಕೊಂಡ ಕೈಸಾಲವೂ ಇತ್ತು. ಅದರ ಪೂರ್ತಿ ಲೆಕ್ಕ ಮನೆಯವರಿಗೂ ತಿಳಿದಿರಲಿಲ್ಲ. ಪುತ್ತೂರಿನವರು ಒಂದೂವರೆ ಗಂಟೆ ಹೊತ್ತು ಫೋನು ಕೆಳಗಿಡದೆ ಕೇಳಿದರಂತೆ. ಹೇಳಿದ್ದು ಅತ್ಯಲ್ಪ. ಮರುದಿನ ಹೊಸನಗರದ ಕಡೆಯ ಇಬ್ಬರು ಮಳೆಯಲ್ಲಿಯೇ ಹೋಗಿ ಅವರ ಮನೆಯಲ್ಲಿ ಎರಡು ದಿನ ಇದ್ದರು. ವಾರ ಕಳೆದು ಅರ್ಧ ದಿನ ಹೊಳವಾದಾಗ ತಮ್ಮ ಕೊನೆಗಾರನನ್ನು ಕರೆದೊಯ್ದು ಉಳಿದ ಮರಗಳಿಗೆ ಔಷಧಿ ಹೊಡೆಸಿದರು. ಆ ವರ್ಷದ ಬೆಳೆ ಬಹುಪಾಲು ಹೋಯಿತು. ಸಾಲವು ಸಹಕಾರ ಸಂಘದ ಮೂಲಕ ಕಂತುಗಳಾಗಿ ತೀರಲು ಮೂರು ವರ್ಷ ಹಿಡಿಯಿತು. ಬಳಗವು ಪವಾಡ ಮಾಡಿತೆಂದು ನಾನು ಹೇಳುತ್ತಿಲ್ಲ. ಆದರೆ ದಿನವೂ ಬರುತ್ತಿದ್ದ ಒಂದು ಕ್ಷುಲ್ಲಕ ಅಂಕಿ ಇಲ್ಲದಿದ್ದರೆ, ಅದು ನಿಂತುಹೋದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲವೆಂಬುದನ್ನು ಪ್ರಾಜ್ಞರು ಗಮನಿಸಬೇಕು.

ಇಂಥ ಸಂದರ್ಭಗಳಲ್ಲಿ ಗೆಳೆಯರ ಕೈಯಲ್ಲಿ ಆಗದ ಕೆಲಸಕ್ಕೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸಹಾಯವಿದೆ. ಸಂಖ್ಯೆ 14416. ಬೆಳೆಯ ಸಂದೇಹಗಳಿಗೆ ಕಿಸಾನ್ ಕಾಲ್ ಸೆಂಟರಿನ 1800-180-1551. ಇವೆರಡನ್ನೂ ಗ್ರಾಮಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸುವುದು ಊರಿನ ಯಜಮಾನರಿಗೆ ಕಷ್ಟದ ಕೆಲಸವಲ್ಲ.

ಬಳಗಗಳಲ್ಲಿ ದೋಷವೇ ಇಲ್ಲವೆಂದಲ್ಲ. ಬೆಳಗಾದರೆ ಶುಭೋದಯದ ಹೂವಿನ ಚಿತ್ರಗಳು, ಮೂಲ ಗೊತ್ತಿಲ್ಲದ ಧಾರಣೆಯ ವದಂತಿಗಳು, ಒಂದೇ ಸೀಸೆಯಲ್ಲಿ ಸಕಲ ರೋಗ ಗುಣವಾಗುವುದೆಂಬ ಔಷಧಿಯ ಜಾಹೀರಾತುಗಳು, ಚುನಾವಣೆಯ ಕಾಲದಲ್ಲಿ ಜಗಳ. ನಮ್ಮಲ್ಲಿ ಇವನ್ನೆಲ್ಲ ನಿಷೇಧಿಸಿದ್ದೇವೆ. ಹೂವಿನ ಚಿತ್ರ ಕಳುಹಿಸಬೇಕಾದರೆ ತಾನೇ ಬೆಳೆದ ಹೂವಾಗಿರಬೇಕೆಂಬುದು ಕಟ್ಟಳೆ. ಯಾರಾದರೂ ಕಷ್ಟ ಹೇಳಿಕೊಂಡಾಗ "ನೀವು ಮೊದಲೇ ಹೀಗೆ ಮಾಡಬೇಕಾಗಿತ್ತು" ಎಂದು ಉತ್ತರ ಕೊಡುವುದನ್ನೂ ನಿಷೇಧಿಸಬೇಕೆಂದು ನನ್ನ ಅಭಿಪ್ರಾಯ. ಬಹುಮತ ಇನ್ನೂ ದೊರೆತಿಲ್ಲ.

ತಮ್ಮ ಊರಿನಲ್ಲಿಯೋ ಹೋಬಳಿಯಲ್ಲಿಯೋ ಇಂಥ ಬಳಗವಿದ್ದರೆ ಹಿರಿಯರು ಅದರಲ್ಲಿ ಸೇರಿ, ಈ ಮಳೆಗಾಲದಲ್ಲಿ ತಮ್ಮ ತೋಟದಲ್ಲಿಯೋ ಗದ್ದೆಯಲ್ಲಿಯೋ ಕೆಟ್ಟುಹೋದ ಒಂದು ಸಂಗತಿಯನ್ನು ಮೊದಲು ತಾವೇ ಬರೆಯಬೇಕೆಂದು ನನ್ನ ಕೋರಿಕೆ. ದೊಡ್ಡ ಮನೆಯಿಂದ ಅಂಥ ಮಾತು ಒಂದು ಬಂದರೆ ಸಣ್ಣ ಮನೆಗಳಿಂದ ಹತ್ತು ಬರುವುವು.

ಸಾಗರದ ಗೆಳೆಯರು ಈಗಲೂ ಮಳೆಗಾಲದಲ್ಲಿ ದಿನವೂ ಎಂಟೂವರೆಗೆ ಲೆಕ್ಕ ಕಳುಹಿಸುತ್ತಿದ್ದಾರೆ. ನಿನ್ನೆಯದು 62 ಮಿಲಿಮೀಟರ್. ಅದರ ಕೆಳಗೆ, ರಾತ್ರಿ ಬೆಕ್ಕು ಮಾಪಕವನ್ನು ಅಲುಗಾಡಿಸಿರುವುದರಿಂದ ಒಂದೆರಡು ಮಿಲಿಮೀಟರ್ ಕಡಮೆ ಬಂದಿರಬಹುದೆಂಬ ಟಿಪ್ಪಣಿಯೂ ಇತ್ತು.